ಸಾಕ್ಷಿ ಬಟ್ಟೆ

ಊರಿನವರಿಗೆ ಗಾಳಿ ಅಂದರೆ ಒಂದೇ. ಬೀಸಿದರೆ ಗಾಳಿ, ಬೀಸದಿದ್ದರೆ ಸೆಕೆ. ನನ್ನ ಲೆಕ್ಕ ಬೇರೆ. ದಿನಕ್ಕೆ ಮುನ್ನೂರು ಬಿಳಿ ಬೆಡ್‌ಶೀಟು ಒಗೆದು ಒಣಗಿಸುವವಳು ನಾನು, ನನ್ನ ಮಟ್ಟಿಗೆ ಗಾಳಿ ಎರಡು. ಬೆಳಗಿನದು ನೆಲದ ಗಾಳಿ, ಮಧ್ಯಾಹ್ನದ್ದು ಕಡಲ ಗಾಳಿ. ಮೊದಲನೆಯದು ಬಟ್ಟೆಗೆ ಮಸಿ ಬಳಿಯುತ್ತದೆ, ಎರಡನೆಯದು ಅದೇ ಬಟ್ಟೆಯನ್ನು ಬೆಳಗುತ್ತದೆ. ಇವೆರಡರ ನಡುವೆ ಒಂದು ಗಳಿಗೆ ಇದೆ, ಹಗ್ಗದ ಮೇಲಿನ ಕ್ಲಿಪ್ಪು ಕೂಡ ಅಲ್ಲಾಡದ ಗಳಿಗೆ. ಅದು ದಾಟಿದ ಮೇಲೆ ಇನ್ನೊಂದು ಕೆನ್ನೆಗೆ ತಣ್ಣಗೆ ತಗಲುತ್ತದೆ. ಅದಕ್ಕೆ ನಾವು ‘ಗಾಳಿ ತಿರುಗಿತು’ ಅನ್ನುತ್ತೇವೆ. ಆ ಮಾತು ನನ್ನ ಬಾಯಿಂದ ಬೀಳುವವರೆಗೆ ಕೆಲಸದ ಹೆಂಗಸರು ಒಂದು ದಿಂಬಿನ ಕವರನ್ನೂ ಹಗ್ಗಕ್ಕೆ ಹಾಕುವುದಿಲ್ಲ.

ಮಳೆಗಾಲದಲ್ಲಿ ಈ ಕಟ್ಟುಪಾಡು ಬೇಕಿಲ್ಲ. ಆಗ ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಬಿಸಿಲು ಮಾತ್ರ ಇರುವುದಿಲ್ಲ. ಒಳಗಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಎರಡೆರಡು ದಿನ ಒಣಗಿಸಬೇಕು. ಮಳೆ ಹೋದ ಮೇಲೆ ಬಿಸಿಲು ಬೇಕಾದಷ್ಟು, ಆದರೆ ಗಾಳಿ ಕೊಳಕು. ಗುಡ್ಡದಾಚೆ ಇಟ್ಟಿಗೆ ಗೂಡುಗಳು ಶುರುವಾಗುತ್ತವೆ, ಊರಿನ ಕಸದ ರಾಶಿ ಒಳಗೊಳಗೇ ಉರಿಯುತ್ತದೆ, ಗದ್ದೆಯವರು ಕೊಯ್ಲು ಮುಗಿಸಿ ಕೂಳೆ ಸುಡುತ್ತಾರೆ. ಆ ಹೊಗೆಯೆಲ್ಲ ರಾತ್ರಿ ಇಳಿದು ಬಂದು ಊರಿನ ಮೇಲೆ ಕೂತು, ಬೆಳಗಿನ ಗಾಳಿಯ ಜೊತೆ ಕಡಲಿಗೆ ಹೊರಡುತ್ತದೆ. ಹೊರಡುವ ದಾರಿಯಲ್ಲೇ ನನ್ನ ಟೆರೇಸು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರಲ್ಲ, ಅದೇ.

ಗಾಳಿ ಹೇಗಿದೆ ಎಂದು ತಿಳಿಯಲು ನನ್ನ ಅತ್ತೆ ಒಂದು ಉಪಾಯ ಕಲಿಸಿ ಹೋಗಿದ್ದಾರೆ. ಒಂದೇ ಬಿಳಿ ಬಟ್ಟೆಯಿಂದ ಕತ್ತರಿಸಿದ ಎರಡು ಕರ್ಚೀಫು. ಒಂದು ಮುಚ್ಚಳದ ಡಬ್ಬಿಯಲ್ಲಿ ಇರುತ್ತದೆ. ಇನ್ನೊಂದನ್ನು ಒದ್ದೆ ಮಾಡಿ ಗುಡ್ಡದ ಕಡೆಯ ಮೂಲೆಗೆ ಅರ್ಧ ಗಂಟೆ ನೇತು ಹಾಕಬೇಕು. ಆಮೇಲೆ ಎರಡನ್ನೂ ಕಲ್ಲಿನ ಮೇಲೆ ಪಕ್ಕಪಕ್ಕ ಹಾಸಿ ನೋಡಬೇಕು. ಅವಳಿ ಮಕ್ಕಳ ಹಾಗೆ ಕಂಡರೆ ಸರಿ. ಇಲ್ಲದಿದ್ದರೆ ಬಕೆಟ್ಟು ಮುಟ್ಟುವ ಹಾಗಿಲ್ಲ. ಹೊರಗೆ ತೂಗುವುದಕ್ಕೆ ಅತ್ತೆ ‘ಸಾಕ್ಷಿ’ ಎಂದು ಹೆಸರಿಟ್ಟಿದ್ದರು. “ಕಣ್ಣು ಮೋಸ ಹೋಗುತ್ತೆ ಕಣೆ, ಮೂಗಿಗೆ ಅಭ್ಯಾಸ ಆಗಿಬಿಡುತ್ತೆ. ಬಟ್ಟೆಗೆ ಆ ಚಾಳಿ ಇಲ್ಲ” ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಆ ಸಾಕ್ಷಿಯನ್ನು ನಂಬಿ ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆದಿದ್ದೇನೆ. ಎಲ್ಲರೂ ನನ್ನನ್ನು ಬಿಳಿಯಕ್ಕ ಅನ್ನುತ್ತಾರೆ. ನನ್ನ ಮೈಬಣ್ಣ ನೋಡಿದ ಹೊಸಬರು ಆ ಹೆಸರು ಕೇಳಿ ನಗುತ್ತಾರೆ. ನಗಲಿ, ನನ್ನ ಬೆಡ್‌ಶೀಟು ನೋಡಿದ ಮೇಲೆ ಸುಮ್ಮನಾಗುತ್ತಾರೆ.

ನಮ್ಮ ಮನೆಯವರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರು ಊರಿನ ಕಚೇರಿಯಲ್ಲಿ ಹಗಲು ಪಾಳಿಯ ಕಾವಲುಗಾರರು. ಬಹಳ ಜೋಪಾನದ ಮನುಷ್ಯ. ನಮ್ಮ ಮನೆಯಲ್ಲಿ ಟೀವಿಗೆ ಬಟ್ಟೆ, ರಿಮೋಟಿಗೆ ಪ್ಲಾಸ್ಟಿಕ್ಕು, ಸ್ಕೂಟರಿನ ಸೀಟಿಗೆ ಒಂದು ಕವರು, ಆ ಕವರು ಹರಿಯಬಾರದು ಎಂದು ಮೇಲೊಂದು ಕವರು. ಮಳೆಗಾಲದಲ್ಲಿ ಕೊಡೆ ನೆನೆದೀತೆಂದು ಕೊಡೆಯನ್ನು ಚೀಲದಲ್ಲಿಟ್ಟುಕೊಂಡು ತಾವು ನೆನೆದು ಬಂದವರು. ಮದುವೆಯಾದ ಹೊಸತರಲ್ಲಿ ನಾನು ಇದಕ್ಕೆಲ್ಲ ಜಗಳ ಆಡುತ್ತಿದ್ದೆ. ಈಗ ಅವರು ಕವರು ಕೇಳಿದರೆ ಏತಕ್ಕೆ ಎಂದು ಕೇಳದೆ ಲಾಂಡ್ರಿಯದ್ದೇ ಒಂದು ಕೊಟ್ಟುಬಿಡುತ್ತೇನೆ. ಕಾರಣ ಕೇಳುತ್ತ ಕೂತರೆ ಸಂಸಾರ ಸಾಗುವುದಿಲ್ಲ.

ಆ ಕಚೇರಿಯ ಛಾವಣಿಯ ಮೇಲೆ ಕಳೆದ ಬೇಸಿಗೆಯಲ್ಲಿ ಗಾಳಿ ಅಳೆಯುವ ಯಂತ್ರ ಬಂತು. ಕೆಳಗೆ ವೃತ್ತದಲ್ಲಿ ಒಂದು ದೊಡ್ಡ ಬೋರ್ಡು. ಗಾಳಿಯಲ್ಲಿ ಧೂಳು, ಹೊಗೆ ಎಷ್ಟಿದೆ ಅನ್ನುವುದು ಅಂಕಿಯಲ್ಲಿ ಬರುತ್ತದೆ. ಕಡಿಮೆ ಇದ್ದರೆ ಹಸಿರು ಬಣ್ಣದಲ್ಲಿ ‘ಉತ್ತಮ’, ಹೆಚ್ಚಿದ್ದರೆ ಕೆಂಪು ಬಣ್ಣದಲ್ಲಿ ‘ಕಳಪೆ’. ಮಳೆಗಾಲ ಪೂರ್ತಿ ಬೋರ್ಡು ಹಸಿರಾಗಿತ್ತು, ನನ್ನ ಸಾಕ್ಷಿಯೂ ಹೌದೆಂದಿತ್ತು. ಮಳೆ ಹೋಗಿ ಎರಡು ತಿಂಗಳಾದರೂ ಬೋರ್ಡು ಹಸಿರಾಗಿಯೇ ಉಳಿಯಿತು. ಸಾಕ್ಷಿ ಮಾತ್ರ ದಿನಾ ಬೆಳಿಗ್ಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡು ನನ್ನ ಪಾಡಿಗೆ ನಾನಿದ್ದೆ. ಊರ ಉಸಾಬರಿ ನನಗೇಕೆ ಅಂದುಕೊಂಡದ್ದು ನನ್ನ ಮೊದಲ ತಪ್ಪು.

ಆಸ್ಪತ್ರೆಯ ಉಗ್ರಾಣಕ್ಕೆ ಹೊಸ ಮ್ಯಾನೇಜರು ಬಂದರು. ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ನನ್ನ ಟೆರೇಸು ಹತ್ತಿದರು. ಒಗೆದ ಬಟ್ಟೆ ಬಕೆಟ್ಟುಗಳಲ್ಲಿ ಕಾಯುತ್ತಿತ್ತು, ಹನ್ನೊಂದು ಜನ ಹೆಂಗಸರು ನೆರಳಲ್ಲಿ ಕೂತು ಹರಟುತ್ತಿದ್ದರು. ಮ್ಯಾನೇಜರಿಗೆ ಕಂಡದ್ದು ಹರಟೆ ಮಾತ್ರ.

“ಏನಮ್ಮ, ಇಷ್ಟು ಬಿಸಿಲಿದೆ, ಹಗ್ಗ ಖಾಲಿ ಬಿದ್ದಿದೆ. ಅದಕ್ಕೇ ನಮಗೆ ಬಟ್ಟೆ ಬರೋಷ್ಟರಲ್ಲಿ ಸಂಜೆ ನಾಲ್ಕಾಗುತ್ತೆ. ನಾಳೆಯಿಂದ ಹನ್ನೊಂದು ಗಂಟೆಗೆ ಬೇಕು.”

“ಈ ತಿಂಗಳಲ್ಲಿ ಆಗಲ್ಲ ಸಾರ್. ಗಾಳಿ ತಿರುಗೋದೇ ಹನ್ನೊಂದಕ್ಕೆ. ಅದಕ್ಕೆ ಮುಂಚೆ ಹಾಕಿದ್ರೆ ಬಟ್ಟೆ ಮಸಿ ಆಗುತ್ತೆ.”

“ಮಸೀನಾ? ಅಲ್ಲಿ ನೋಡಿ.” ಅವರು ವೃತ್ತದ ಕಡೆ ಬೆರಳು ತೋರಿಸಿದರು. ಬೋರ್ಡಿನಲ್ಲಿ ‘11, ಉತ್ತಮ’ ಎಂದಿತ್ತು. ನಾನು ಕಲ್ಲಿನ ಮೇಲೆ ಹಾಸಿದ್ದ ಎರಡು ಕರ್ಚೀಫು ತೋರಿಸಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

“ಸರ್ಕಾರ ಅಷ್ಟು ದೊಡ್ಡ ಮಷೀನ್ ಇಟ್ಟಿದೆ. ನೀವು ಕರ್ಚೀಫ್ ನೋಡಿ ಹವಾಮಾನ ಹೇಳ್ತೀರಾ?”

“ಕರ್ಚೀಫ್‌ಗೆ ಸಂಬಳ ಇಲ್ಲ ಸಾರ್. ಸುಳ್ಳು ಹೇಳಿ ಅದಕ್ಕೇನೂ ಆಗಬೇಕಾಗಿಲ್ಲ.”

ಹೆಂಗಸರು ಕಿಸಕ್ಕೆಂದರು. ಮ್ಯಾನೇಜರ ಮುಖ ಗಂಟಾಯಿತು. ಪಕ್ಕದ ಊರಲ್ಲಿ ಯಂತ್ರದ ಲಾಂಡ್ರಿ ಬಂದಿದೆ, ಹನ್ನೊಂದಕ್ಕೆ ಕೊಡಲು ಅವರು ತಯಾರಿದ್ದಾರೆ, ಯೋಚನೆ ಮಾಡಿ ಎಂದರು. ಈಗ ಹೆಂಗಸರ ನಗು ನಿಂತಿತು. ಆಸ್ಪತ್ರೆ ಕೈಬಿಟ್ಟರೆ ನನ್ನ ಲಾಂಡ್ರಿ ಇಲ್ಲ, ಆ ಹನ್ನೊಂದು ಜನರ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಸುಳ್ಳುಗಾತಿ ಎಂದು ಒಬ್ಬ ಮನುಷ್ಯ ನನ್ನ ಟೆರೇಸಿನ ಮೇಲೆ ನಿಂತು ಹೇಳಿದ ಹಾಗಾಯಿತು. ನನಗೆ ಸಿಟ್ಟು ನೆತ್ತಿಗೇರಿತು.

“ಆಯ್ತು ಸಾರ್. ನಾಳೆ ಏಳಕ್ಕೇ ಹಾಕ್ತೀನಿ. ಬಂದ ಬಟ್ಟೆ ನೀವೇ ನೋಡ್ಕೊಳ್ಳಿ.”

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಮತ್ತೆ ಬರುವುದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ನಾನು ಮರುದಿನ ಏಳು ಗಂಟೆಗೆ ಮುನ್ನೂರು ಬೆಡ್‌ಶೀಟು ನೆಲದ ಗಾಳಿಗೆ ಒಡ್ಡಿದೆ. ಹನ್ನೊಂದಕ್ಕೆ ಕಳಿಸಿದೆ. ಹಗ್ಗದಿಂದ ತೆಗೆಯುವಾಗಲೇ ಹೆಂಗಸರಲ್ಲಿ ಹಿರಿಯವಳು “ಅಕ್ಕ, ಇದನ್ನ ನಮ್ಮದು ಅಂತ ಕಳಿಸಬೇಕಾ?” ಎಂದಳು. ಕಳಿಸು ಎಂದೆ. ಮ್ಯಾನೇಜರು ನೋಡಿ, ಗಾಳಿ ಕೊಳಕಿರುವುದು ನಿಜ ಎಂದು ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. ಗಾಳಿ ‘ಉತ್ತಮ’ ಇದ್ದ ದಿನ ಬಟ್ಟೆ ಬೂದಿಯಾಗಿ ಬಂದರೆ ತಪ್ಪು ಯಾರದು? ಒಗೆದವರದು. ಸಂಜೆಯ ಹೊತ್ತಿಗೆ ಕಾಗದ ಬಂತು: ‘ಒಗೆತ ಕಳಪೆ. ಶನಿವಾರದೊಳಗೆ ತೃಪ್ತಿಕರ ವಿವರಣೆ ಕೊಡದಿದ್ದಲ್ಲಿ ಬೇರೆ ವ್ಯವಸ್ಥೆ ಮಾಡಲಾಗುವುದು.’ ಕಳಪೆ! ಮೂವತ್ತೊಂದು ವರ್ಷದಲ್ಲಿ ನನ್ನ ಬಟ್ಟೆಯ ಪಕ್ಕದಲ್ಲಿ ಆ ಪದ ಬಂದಿರಲಿಲ್ಲ. ನಾನು ಅತ್ತುಬಿಟ್ಟೆ. ಹೆಂಗಸರ ಎದುರಿಗಲ್ಲ, ಸೋಪಿನ ಕೋಣೆಗೆ ಹೋಗಿ.

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಫೋನು ಮಾಡಿದರು. ಕೆಮ್ಮು ದಮ್ಮಿನ ವಾರ್ಡು ನೋಡಿಕೊಳ್ಳುವವರು, ನನ್ನ ಬೆಡ್‌ಶೀಟಿನ ಅಂಚು ಮುಟ್ಟಿಯೇ ನನ್ನದು ಎಂದು ಹೇಳಬಲ್ಲವರು.

“ಅಕ್ಕ, ಇವತ್ತು ಏನಾಯ್ತು? ಒಬ್ಬ ಅಜ್ಜ ದಿಂಬಿಗೆ ಕೆನ್ನೆ ಒತ್ತಿ ಮಲಗಿದ್ರು. ಎದ್ದಾಗ ಕೆನ್ನೆ ಮೇಲೆ ಬೂದಿ ಬಳಿದ ಹಾಗಿದೆ.”

ನಾನು ನಡೆದದ್ದನ್ನು ಹೇಳಿದೆ.

“ಬೋರ್ಡ್ ಹಸಿರಿದೆ ಅಂತ ನಾನು ದಿನಾ ಬೆಳಿಗ್ಗೆ ವಾರ್ಡಿನ ಕಿಟಕಿ ಎಲ್ಲ ತೆಗೆಸ್ತೀನಿ ಅಕ್ಕ. ಒಳ್ಳೇ ಗಾಳಿ ಬರಲಿ ಅಂತ. ಆದ್ರೂ ಎರಡು ತಿಂಗಳಿಂದ ಯಾರ ದಮ್ಮೂ ಇಳೀತಾ ಇಲ್ಲ. ಯಾಕೆ ಅಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ.”

ಬಟ್ಟೆಗಾದರೆ ಮತ್ತೊಮ್ಮೆ ಸೋಪು ಹಾಕಬಹುದು. ಎದೆಯೊಳಗೆ ಹೋದದ್ದನ್ನು ಯಾವ ಕಲ್ಲಿನ ಮೇಲೆ ಒಗೆಯುವುದು? ಯಂತ್ರ ಸುಳ್ಳು ಹೇಳುತ್ತಿದೆ ಎಂದು ಎರಡು ತಿಂಗಳು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ. ಇನ್ನು ಸುಮ್ಮನಿರುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿದೆ. ಸಾಕ್ಷಿಯನ್ನು ಯಂತ್ರದ ಪಕ್ಕದಲ್ಲೇ ನೇತು ಹಾಕುವುದು. ಅದೇ ಜಾಗ, ಅದೇ ಗಾಳಿ, ಅದೇ ಅರ್ಧ ಗಂಟೆ. ಯಾರು ಸರಿ ಎಂದು ಎಲ್ಲರ ಕಣ್ಣೆದುರೇ ತೀರ್ಮಾನವಾಗಲಿ. ಯಂತ್ರ ನೋಡಿಕೊಳ್ಳುವ ಇಂಜಿನಿಯರು ಅದೇ ಕಚೇರಿಯ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಊರಿನವರ ಬಾಯಲ್ಲಿ ‘ಗಾಳಿ ಮೇಡಂ’. ಅವಳಿಗೆ ಫೋನು ಮಾಡಿ ಶುಕ್ರವಾರ ಎಂಟಕ್ಕೆ ಛಾವಣಿಗೆ ಬಾ ತಾಯಿ ಎಂದೆ. ಮ್ಯಾನೇಜರನ್ನೂ ಕರೆದೆ. “ವಿವರಣೆ ಕೇಳಿದ್ರಲ್ಲ ಸಾರ್, ಅಲ್ಲೇ ಕೊಡ್ತೀನಿ.”

ಸಂಜೆ ಮನೆಯಲ್ಲಿ ವಿಷಯ ತಿಳಿಸಿದಾಗ ನಮ್ಮ ಮನೆಯವರು ಹಿಗ್ಗಿದರು. ಛಾವಣಿಯ ಬೀಗದ ಕೈ ಇರುವುದು ಅವರ ಹತ್ತಿರ ಮಾತ್ರ.

“ಬಾ ಬಾ, ನೋಡು. ಮಷೀನ್ ಇಟ್ಟಾಗ ಹೇಗಿತ್ತೋ ಹಾಗೇ ಇದೆ. ಒಂದು ಗೀರು ಬಿದ್ದಿಲ್ಲ. ಅಷ್ಟು ಚೆನ್ನಾಗಿ ನೋಡ್ಕೊಂಡಿದೀನಿ.”

“ನೀವು ನೋಡ್ಕೊಂಡಿದ್ದು ಸರಿ ರೀ, ಅದು ಗಾಳಿ ನೋಡ್ಕೋತಿಲ್ಲ” ಎಂದೆ. ಅವರಿಗೆ ನನ್ನ ಮಾತು ರುಚಿಸಲಿಲ್ಲ. ಊಟ ಮುಗಿಸಿ, “ಉಳಿದ ಅನ್ನ ಮುಚ್ಚಿಡ್ಲಾ?” ಎಂದು ದಿನದ ಹಾಗೆ ಕೇಳಿದರು. ಮುಚ್ಚಿಡಿ ಎಂದೆ.

ಶುಕ್ರವಾರ ಮುಕ್ಕಾಲು ಗಂಟೆ ಮೊದಲೇ ನಾವಿಬ್ಬರೂ ಹೋದೆವು. ಮೂರು ಮಹಡಿ ಹತ್ತಿ ಅವರು ಬೀಗ ತೆಗೆದರು. ಛಾವಣಿಯ ನಡುವೆ ಕಬ್ಬಿಣದ ಕಾಲಿನ ಮೇಲೆ ಯಂತ್ರ ನಿಂತಿತ್ತು. ಅಂದರೆ, ಯಂತ್ರ ಇರಬೇಕಾದ ಜಾಗದಲ್ಲಿ ನೀಟಾಗಿ ಸುತ್ತಿದ ಒಂದು ಪ್ಲಾಸ್ಟಿಕ್ ಗಂಟು ನಿಂತಿತ್ತು. ನಾಲ್ಕು ಮಡಿಕೆ, ಎರಡು ಸುತ್ತು ನೀಲಿ ಪಟ್ಟಿ, ತುದಿಗೆ ಗಟ್ಟಿ ಗಂಟು. ಆ ಗಂಟು ನನಗೆ ಗೊತ್ತು, ನಮ್ಮ ಸ್ಕೂಟರಿನ ಮೇಲೆ ದಿನಾ ಬಿಚ್ಚುತ್ತೇನೆ. ಪ್ಲಾಸ್ಟಿಕ್ಕೂ ಗೊತ್ತು. ಅದರ ಮೇಲೆ ನನ್ನ ಲಾಂಡ್ರಿಯ ಮುದ್ರೆಯಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮಳೆಗಾಲದ ಶುರುವಿನಲ್ಲಿ ಇವರು ಒಂದು ದೊಡ್ಡ ಕವರು ಕೊಡು ಎಂದಿದ್ದರು. ಏತಕ್ಕೆ ಎಂದು ನಾನು ಕೇಳಿರಲಿಲ್ಲ.

“ರೀ, ಇದನ್ನ ಯಾವಾಗ ಕಟ್ಟಿದ್ದು?”

“ಮೊದಲನೇ ಜೋರು ಮಳೆ ದಿನ. ಅಷ್ಟು ಬೆಲೆಬಾಳೋ ವಸ್ತು ನೆನೀತಾ ನಿಂತಿತ್ತು ಕಣೆ, ನೋಡೋಕಾಗಲಿಲ್ಲ.”

“ಮಳೆ ನಿಂತು ಎರಡು ತಿಂಗಳಾಯ್ತಲ್ಲ!”

“ಆಮೇಲೆ ಧೂಳು ಶುರುವಾಯ್ತಲ್ಲ. ಮಷೀನಿಗೆ ಧೂಳು ಹೋಗಬಾರದು ಅಂತ ಬಿಟ್ಟೆ. ವಾರಕ್ಕೊಂದು ಸಲ ಕವರನ್ನ ಒರೆಸ್ತೀನಿ ಕೂಡ.”

ಧೂಳು ಅಳೆಯುವ ಯಂತ್ರಕ್ಕೆ ಧೂಳು ಹೋಗಬಾರದಂತೆ! ಬೇರೆ ಯಾರ ಗಂಡನಾಗಿದ್ದರೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಐದು ತಿಂಗಳಿಂದ ಆ ಯಂತ್ರ ಕವರಿನೊಳಗೆ ಸಿಕ್ಕ ಅದೇ ಒಂದು ಹಿಡಿ ಗಾಳಿಯನ್ನು ಮತ್ತೆ ಮತ್ತೆ ಅಳೆದು, ಊರಿಗೆಲ್ಲ ‘ಉತ್ತಮ’ ಎಂದು ಸಾರುತ್ತಿತ್ತು. ನಾನು ಬಿಡಿಸಿ ಹೇಳಿದೆ. ಯಂತ್ರ ಇಟ್ಟದ್ದು ಏತಕ್ಕೆ, ಅದು ಉಸಿರಾಡುವುದು ಎಲ್ಲಿಂದ, ಬೋರ್ಡು ಹಸಿರಾಗಿದೆ ಎಂದು ಯಾವ ವಾರ್ಡಿನ ಕಿಟಕಿ ದಿನಾ ತೆರೆಯುತ್ತದೆ. ಕೇಳುತ್ತ ಕೇಳುತ್ತ ಅವರು ಛಾವಣಿಯ ಮೇಲೆಯೇ ಕುಕ್ಕರಿಸಿದರು.

ಗಂಟೆ ಏಳೂವರೆ. ಬೇರೆಯವರು ಬರಲು ಅರ್ಧ ಗಂಟೆಯಿತ್ತು. ನಾನು ನಿಜ ಹೇಳುತ್ತೇನೆ, ನನ್ನ ಕೈ ತಾನಾಗಿಯೇ ಆ ಗಂಟಿನ ಮೇಲೆ ಹೋಯಿತು. ಬಿಚ್ಚಿ, ಮಡಿಚಿ, ಚೀಲದಲ್ಲಿಟ್ಟುಕೊಂಡರೆ ಮುಗಿಯಿತು. ಯಂತ್ರ ಕೆಂಪಾಗುತ್ತದೆ, ಸಾಕ್ಷಿ ಗೆಲ್ಲುತ್ತದೆ, ಲಾಂಡ್ರಿ ಉಳಿಯುತ್ತದೆ, ನನ್ನ ಗಂಡನ ಕೆಲಸವೂ ಉಳಿಯುತ್ತದೆ. ಯಂತ್ರ ಯಾಕೋ ಕೆಟ್ಟಿತ್ತು, ಯಾಕೋ ಸರಿಯಾಯಿತು ಅನ್ನುತ್ತಾರೆ. ಸಾಕ್ಷಿ ಸಾಕ್ಷಿ ಎಂದು ಊರೆಲ್ಲ ಡಂಗುರ ಸಾರಿದವಳಿಗೆ ಸಾಕ್ಷಿ ಅಡಗಿಸುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ಅವರು ನನ್ನ ಮಣಿಕಟ್ಟು ಹಿಡಿದರು.

“ಬೇಡ. ಕಟ್ಟಿದ್ದು ನಾನು. ಎಲ್ಲರ ಮುಂದೆ ನಾನೇ ಬಿಚ್ತೀನಿ.”

“ಕೆಲಸ ಹೋಗುತ್ತೆ ರೀ.”

“ಹೋಗಲಿ. ಆ ವಾರ್ಡಿನವರಿಗೆ ಯಾಕೆ ಹೀಗಾಯ್ತು ಅಂತ ಡಾಕ್ಟರಿಗೆ ಗೊತ್ತಾಗೋದು ಬೇಡ್ವಾ?”

ಮೂವತ್ತೊಂದು ವರ್ಷ ನಾನು ಇವರನ್ನು ಪುಕ್ಕಲು ಎಂದುಕೊಂಡು ಬದುಕಿದ್ದೆ. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಹೆಮ್ಮೆಯೂ ಆಯಿತು. ಸಾಕ್ಷಿಯನ್ನು ಒದ್ದೆ ಮಾಡಿ ಯಂತ್ರದ ಪಕ್ಕದ ಕಂಬಿಗೆ ಕಟ್ಟಿ, ನಾವಿಬ್ಬರೂ ಕಾದು ನಿಂತೆವು.

ಎಂಟಕ್ಕೆ ಸರಿಯಾಗಿ ಗಾಳಿ ಮೇಡಂ ಬಂದಳು, ಹಿಂದೆಯೇ ಮ್ಯಾನೇಜರು. ಮೇಡಂ ಕವರು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಮ್ಯಾನೇಜರು ಹತ್ತಿರ ಹೋಗಿ ಮುದ್ರೆ ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಓಹೋ! ಇದು ನಿಮ್ಮದೇ ಕವರು. ಮಷೀನನ್ನೇ ಮುಚ್ಚಿಟ್ಟು, ಆಮೇಲೆ ಮಷೀನ್ ಸುಳ್ಳು ಅಂತ ನಾಟಕ ಮಾಡ್ತೀರಾ?”

“ಕಟ್ಟಿದ್ದು ನಾನು ಸಾರ್. ಅವಳಿಗೆ ಇವತ್ತೇ ಗೊತ್ತಾಗಿದ್ದು” ಎಂದರು ನಮ್ಮ ಮನೆಯವರು. ಆಮೇಲೆ ಮೇಡಂ ಕಡೆ ತಿರುಗಿದರು. “ಮೇಡಂ, ನಾನು ಬುಕ್ಕಲ್ಲಿ ಬರೆದಿದೀನಿ. ತರ್ಲಾ?”

ಕೆಳಗೆ ಹೋಗಿ ಕಾವಲಿನ ದಿನಚರಿ ಪುಸ್ತಕ ತಂದರು. ಅದಕ್ಕೂ ಒಂದು ಕವರಿತ್ತು. ಮ್ಯಾನೇಜರೇ ಕಸಿದುಕೊಂಡು, ಮಳೆಗಾಲದ ಮೊದಲ ವಾರದ ಪುಟ ತೆಗೆದು ಗಟ್ಟಿಯಾಗಿ ಓದಿದರು: ‘ಈ ದಿನ ಸಂಜೆ ಜೋರು ಮಳೆ. ಛಾವಣಿ ಮೇಲಿನ ಯಂತ್ರವನ್ನು ಮುಚ್ಚಿಟ್ಟಿರುತ್ತೇನೆ.’ ಮುಂದಿನ ಸೋಮವಾರ: ‘ಯಂತ್ರ ಮುಚ್ಚಿಟ್ಟಿದೆ. ಕವರು ಒರೆಸಿದೆ.’ ಅದರ ಮುಂದಿನ ಸೋಮವಾರವೂ ಅದೇ.

“ನೋಡಿ ಮೇಡಂ, ಮುಚ್ಚಿಟ್ಟಿದೀನಿ ಅಂತ ಕೈಯಾರೆ ಬರೆದು ಒಪ್ಕೊಂಡಿದಾರೆ! ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?”

ಇಲ್ಲಿಯವರೆಗೆ ನಾನು ಸುಮ್ಮನಿದ್ದದ್ದೇ ಹೆಚ್ಚು.

“ಸಾರ್, ಕಳ್ಳತನ ಮಾಡೋನು ಯಾರಾದ್ರೂ ವಾರ ವಾರ ಬುಕ್ಕಲ್ಲಿ ಬರೆದು ಸಹಿ ಹಾಕ್ತಾನಾ? ನಿಮ್ಮನೇಲಿ ಅನ್ನ ಮುಚ್ಚಿಡಲ್ವಾ? ಹಾಲು ಮುಚ್ಚಿಡಲ್ವಾ? ಯಾರ ಕಣ್ಣಿಗೂ ಬೀಳಬಾರದು ಅಂತ ಮುಚ್ಚಿಡ್ತೀರಾ, ಕೆಡಬಾರದು ಅಂತ ಮುಚ್ಚಿಡ್ತೀರಾ? ನಮ್ಮನೆಯವರಿಗೆ ಗೊತ್ತಿರೋದು ಆ ಮುಚ್ಚಿಡೋದು ಒಂದೇ. ನಿಮ್ಮ ಆಫೀಸಿನ ಮುಚ್ಚಿಡೋದು ಅವರಿಗೆ ಗೊತ್ತಿಲ್ಲ.”

ಮ್ಯಾನೇಜರು ಬಾಯಿ ತೆರೆದರು. ಆದರೆ ಗಾಳಿ ಮೇಡಂ ಅವರ ಕೈಯಿಂದ ಪುಸ್ತಕ ತೆಗೆದುಕೊಂಡಿದ್ದಳು. ಪುಟ ಮಗುಚುತ್ತ ಹೋದಂತೆ ಅವಳ ಕಿವಿ ಕೆಂಪಾಯಿತು. ಪ್ರತಿ ಸೋಮವಾರದ ಬರಹದ ಕೆಳಗೆ ಒಂದು ದುಂಡು ಮೊಹರು, ಅದರ ಪಕ್ಕದಲ್ಲಿ ‘ನೋಡಿದೆ’ ಎಂದು ಒಂದು ಸಹಿ. ಇಪ್ಪತ್ತೆರಡು ವಾರ, ಇಪ್ಪತ್ತೆರಡು ಸಹಿ. ಅಷ್ಟೂ ಅವಳದೇ.

“ನೋಡಿದೆ ಅಂತ ಬರೆದಿದೀನಿ” ಎಂದಳು ಮೆಲ್ಲಗೆ. “ನೋಡಿಲ್ಲ.”

ಅವಳೇ ಮುಂದುವರಿಸಿದಳು. “ಮಳೆಗಾಲದಲ್ಲಿ ಅಂಕಿ ಕಡಿಮೆ ಇರೋದು ಸಹಜ ಅಂದ್ಕೊಂಡೆ. ಆಮೇಲೂ ಕಡಿಮೆ ಬಂತು, ನಮ್ಮೂರ ಗಾಳಿ ಚೆನ್ನಾಗಿದೆ ಅಂತ ಖುಷಿಪಟ್ಟೆ. ಒಂದು ಸಲ ಮೇಲೆ ಹತ್ತಿ ಬಂದಿದ್ರೆ ಸಾಕಿತ್ತು. ಅಂಕಲ್ ಮೊದಲನೇ ದಿನಾನೇ ಹೇಳಿದಾರೆ, ನಾನು ಓದಿಲ್ಲ. ರಿಪೋರ್ಟಲ್ಲಿ ಹಾಗೇ ಬರೀತೀನಿ. ಈಗ ಬಿಚ್ಚಿ ಅಂಕಲ್.”

ಅವರು ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಉಗುರು ಹಾಕಿ ಸಡಿಲಿಸಬೇಕಾಯಿತು. ಕವರು ತೆಗೆದಾಗ ಒಳಗಿನ ಯಂತ್ರ ಅಂಗಡಿಯಿಂದ ಆಗ ತಾನೇ ಬಂದ ಹಾಗೆ ಥಳಥಳಿಸುತ್ತಿತ್ತು. ಅವರು ಹೇಳಿದ್ದು ನಿಜ, ಒಂದು ಗೀರು ಬಿದ್ದಿರಲಿಲ್ಲ.

ನಾವು ನಾಲ್ವರೂ ಛಾವಣಿಯ ಅಂಚಿನ ಕಟ್ಟೆಗೆ ಒರಗಿ ಕೆಳಗಿನ ಬೋರ್ಡು ನೋಡುತ್ತ ನಿಂತೆವು. ಸ್ವಲ್ಪ ಹೊತ್ತು 11 ಅಲ್ಲೇ ಇತ್ತು. ಆಮೇಲೆ 40. ಆಮೇಲೆ 97. ವೃತ್ತದಲ್ಲಿ ಸ್ಕೂಟರಿನವನೊಬ್ಬ ತಲೆಯೆತ್ತಿ ನೋಡಿದ. 168 ಬಂದು ನಿಂತಿತು. ಐದು ತಿಂಗಳಲ್ಲಿ ಮೊದಲ ಸಲ ಬೋರ್ಡು ಕೆಂಪಾಯಿತು, ಅದರಲ್ಲಿ ‘ಕಳಪೆ’ ಎಂಬ ಪದ ಬಂತು. ನನ್ನ ಕಾಗದದಲ್ಲಿದ್ದ ಪದವೇ. ಈಗ ಅದು ತನ್ನ ಜಾಗ ಸೇರಿತ್ತು.

ನಾನು ಸಾಕ್ಷಿಯನ್ನು ಬಿಚ್ಚಿ, ಡಬ್ಬಿಯ ಕರ್ಚೀಫು ತೆಗೆದು, ಕಟ್ಟೆಯ ಮೇಲೆ ಪಕ್ಕಪಕ್ಕ ಹಾಸಿದೆ. ಮ್ಯಾನೇಜರು ಬಗ್ಗಿ ನೋಡಿದರು. ಆಮೇಲೆ ಕಟ್ಟೆಗೆ ಒರಗಿಸಿದ್ದ ತಮ್ಮ ಬಿಳಿ ಅಂಗಿಯ ಮೊಣಕೈ ತಿರುಗಿಸಿ ನೋಡಿಕೊಂಡರು. ಅಲ್ಲೂ ಅದೇ ಬೂದಿ ಬಣ್ಣ.

“ಬಿಡಿ ಸಾರ್, ಒಗೆದು ಕೊಡ್ತೀನಿ” ಎಂದೆ. “ಆದ್ರೆ ನಾಲ್ಕು ಗಂಟೆಗೆ.”

ಅವರು ಪೆಚ್ಚಾಗಿ ನಕ್ಕರು. ಒಪ್ಪಿಕೊಳ್ಳುವ ಮೊದಲು ಒಂದು ಮಾತು ಕೇಳಿದರು, ಅದೂ ನ್ಯಾಯವಾದದ್ದೇ. ನಾಲ್ಕು ಗಂಟೆಯ ಹೊತ್ತಿಗೆ ಬಟ್ಟೆ ಬಿಳಿ ಇರುತ್ತದೆ ಎಂದು ನಂಬುವುದು ಹೇಗೆ? ಹೊಗೆ ದಿನವಿಡೀ ಇದ್ದರೆ? “ಇಲ್ಲೇ ಇರಿ, ತೋರಿಸ್ತೀನಿ” ಎಂದೆ. ಗಾಳಿ ಮೇಡಂ ಎಲ್ಲಿಗೂ ಹೋಗುವವಳಿರಲಿಲ್ಲ. ಮ್ಯಾನೇಜರು ಹೋದವರು ಹನ್ನೊಂದಕ್ಕೆ ಮತ್ತೆ ಮೂರು ಮಹಡಿ ಹತ್ತಿ ಬಂದರು. ನಾನು ಗುಡ್ಡಕ್ಕೆ ಬೆನ್ನು ಹಾಕಿ ನಿಂತಿದ್ದೆ. ಬೋರ್ಡು 161 ತೋರಿಸುತ್ತಿತ್ತು. ಕವರಿನಿಂದ ಬಿಚ್ಚಿ ಕಂಬಿಗೆ ಕಟ್ಟಿದ್ದ ನೀಲಿ ಪಟ್ಟಿಯ ತುದಿ ಜೋಲು ಬಿತ್ತು. ಕಣ್ಣು ಮುಚ್ಚಿದೆ. ಮೈ ಬೆವರಿತು. ಐದಾರು ನಿಮಿಷ ಏನೂ ಇಲ್ಲ. ಆಮೇಲೆ ಮುಖಕ್ಕೆ ತಣ್ಣಗೆ, ಉಪ್ಪುಪ್ಪಾಗಿ ತಗಲಿತು.

“ತಿರುಗಿತು” ಎಂದೆ.

“ಬೋರ್ಡ್ ಇನ್ನೂ ಕೆಂಪಿದೆಯಲ್ಲಮ್ಮ” ಎಂದರು ಮ್ಯಾನೇಜರು.

“ಅದಕ್ಕೆ ಇನ್ನೂ ಚಿಕ್ಕ ವಯಸ್ಸು. ಸ್ವಲ್ಪ ಟೈಮ್ ಕೊಡಿ.”

ಬೋರ್ಡಿಗೆ ಕಾಲು ಗಂಟೆ ಬೇಕಾಯಿತು. 161 ಹೋಗಿ 90, 90 ಹೋಗಿ 45, ಕೊನೆಗೆ 22, ಹಸಿರು, ಉತ್ತಮ. ಈ ಸಲದ್ದು ನಿಜವಾದ ಉತ್ತಮ. ಗಾಳಿ ಮೇಡಂ ನಾನು ಹೇಳಿದ ಹೊತ್ತನ್ನೂ ಬೋರ್ಡು ಹೇಳಿದ ಹೊತ್ತನ್ನೂ ಬರೆದುಕೊಂಡಳು. ಅವಳ ಪುಸ್ತಕದಲ್ಲಿ ‘ಸಾಕ್ಷಿ’ ಎಂದು ಒಂದು ಹೊಸ ಸಾಲು ಅವತ್ತು ಶುರುವಾಯಿತು. ಮ್ಯಾನೇಜರು ತಮ್ಮ ಕಾಗದವನ್ನು ವಾಪಸ್ ತೆಗೆದುಕೊಂಡು, ಇನ್ನು ಮುಂದೆ ಬಟ್ಟೆ ನಾಲ್ಕಕ್ಕೆ ಎಂದು ಬರೆಯಲು ಹೊರಟರು.

“ನಾಲ್ಕು ಅಂತ ಬರೀಬೇಡಿ ಸಾರ್. ಗಾಳಿ ತಿರುಗಿ ಐದು ಗಂಟೆ ಆದ ಮೇಲೆ ಅಂತ ಬರೀರಿ.”

ಹಾಗೇ ಬರೆದರು.

ನಮ್ಮ ಮನೆಯವರ ಕೆಲಸ ಹೋಗಲಿಲ್ಲ. ಇಪ್ಪತ್ತೆರಡು ಸಲ ವರದಿ ಮಾಡಿದವನನ್ನು ತೆಗೆಯಬೇಕಾದರೆ ಇಪ್ಪತ್ತೆರಡು ಸಲ ‘ನೋಡಿದೆ’ ಎಂದವರನ್ನೂ ತೆಗೆಯಬೇಕಲ್ಲ. ಆದರೆ ಅವರಿಗೆ ಸಮಾಧಾನವಾಗಲಿಲ್ಲ. ಅವತ್ತು ಊಟ ಬಿಟ್ಟರು. ಶನಿವಾರ ನನಗೆ ಹೇಳದೆ ಆಸ್ಪತ್ರೆಗೆ ಹೋಗಿ, ಕೆಮ್ಮು ದಮ್ಮಿನ ವಾರ್ಡಿನ ಬಾಗಿಲಲ್ಲಿ ನಿಂತು, ದೊಡ್ಡ ಸಿಸ್ಟರ್ ಎದುರು ಎಲ್ಲ ಹೇಳಿಕೊಂಡರಂತೆ. ಸಿಸ್ಟರ್ ಬೈಯಲಿಲ್ಲವಂತೆ. “ಅಣ್ಣ, ಅಳ್ತಾ ನಿಂತ್ರೆ ನಮ್ಮ ಅಜ್ಜಂದಿರಿಗೆ ಉಸಿರು ಬರಲ್ಲ. ನನಗೆ ದಿನಾ ಬೆಳಿಗ್ಗೆ ಸಾಕ್ಷಿ ಏನು ಹೇಳುತ್ತೆ ಅಂತ ಹೇಳಿ. ಬೋರ್ಡ್ ನಾನೂ ನೋಡ್ತೀನಿ, ಆದ್ರೂ ನಿಮ್ಮದೂ ಬೇಕು” ಎಂದರಂತೆ.

ಸೋಮವಾರ ಬೆಳಿಗ್ಗೆ ನಾನು ಟೆರೇಸಿಗೆ ಹೋಗುವಷ್ಟರಲ್ಲಿ ಅವರು ಅಲ್ಲಿದ್ದರು. ಕೆಲಸದ ಅಂಗಿ ತೊಟ್ಟು, ಪಾಳಿಗೆ ಹೊರಡುವ ಮೊದಲೇ ಸಾಕ್ಷಿಯನ್ನು ನೇತು ಹಾಕಿ, ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿದ್ದರು. ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಫೋನು ಬಡಿದುಕೊಂಡಿತು.

“ಅಣ್ಣ, ಕಿಟಕಿ ಏನ್ ಮಾಡ್ಲಿ?”

ಅವರು ಸಾಕ್ಷಿಯನ್ನು ಬಿಚ್ಚಿ ಕಲ್ಲಿನ ಮೇಲೆ ಹಾಸಿದರು. ಪಕ್ಕದಲ್ಲಿ ಡಬ್ಬಿಯದು. ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ಕನ್ನಡಕದ ಡಬ್ಬಿ ತೆಗೆದು, ಅದರೊಳಗಿನ ಕನ್ನಡಕ ಹಾಕಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು. ಹನ್ನೊಂದು ಜನ ಹೆಂಗಸರೂ ಬಕೆಟ್ಟು ಹಿಡಿದು ಕಾದು ನಿಂತಿದ್ದರು.

“ಮುಚ್ಚಿಡಿ, ಸಿಸ್ಟರ್” ಎಂದರು. “ಗಾಳಿ ತಿರುಗಿದ ಕೂಡಲೇ ನಾನೇ ಫೋನ್ ಮಾಡ್ತೀನಿ.”